ನಿಮಗಿದು ಗೊತ್ತೇ? ಬೊಲೋನ್ಯಾದ ಸಮ್ಮೇಳನಕ್ಕೆ ಹೊರಡುವ ಮುನ್ನ

ವಿದ್ಯೆಗಾಗಿ ಪರಊರಿಗೆ ಹೊರಟವರಿಗೆ ದಾರಿಯಲ್ಲಿ ಯಾರೂ ತೊಂದರೆ ಕೊಡಕೂಡದು ಎಂಬ ರಾಜಾಜ್ಞೆ ಎಷ್ಟು ಹಳೆಯದು ಗೊತ್ತೇ? 12ನೇ ಶತಮಾನದ ನಡುಭಾಗದಲ್ಲಿ ಪವಿತ್ರ ರೋಮನ್ ಚಕ್ರವರ್ತಿ ಒಂದನೇ ಫ್ರೆಡ್ರಿಕ್ ಬಾರ್ಬರೋಸಾ ಅಂಥದ್ದೊಂದು ಶಾಸನ ಹೊರಡಿಸಿದ. ‘ಹ್ಯಾಬಿಟಾ’ ಎಂದು ಅದರ ಹೆಸರು. ಒಬ್ಬ ವಿದ್ಯಾರ್ಥಿಯ ನಾಡಿನವರು ಯಾರೋ ಮಾಡಿದ ಸಾಲಕ್ಕೆ ಆ ವಿದ್ಯಾರ್ಥಿಯನ್ನು ಹಿಡಿದಿಡುವ ಪದ್ಧತಿ ಆಗ ಇತ್ತು. ಶಾಸನ ಅದನ್ನು ನಿಷೇಧಿಸಿತು. ಈ ರಕ್ಷಣೆ ಕೇಳಿದವರು ಇಟಲಿಯ ಬೊಲೋನ್ಯಾ ನಗರದ ಕಾನೂನು ಪಂಡಿತರು ಮತ್ತು ವಿದ್ಯಾರ್ಥಿಗಳು. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಂದ ಬೆಳೆದ ಊರು ಅದು. ಇಂದಿಗೂ ಅಂತರರಾಷ್ಟ್ರೀಯ ಸಮ್ಮೇಳನಗಳಿಗೆ ಅಲ್ಲಿ ಬರವಿಲ್ಲ.

ಬೊಲೋನ್ಯಾ ವಿಶ್ವವಿದ್ಯಾಲಯ ಹುಟ್ಟಿದ್ದು 1088ರಲ್ಲಿ ಎನ್ನುತ್ತಾರೆ. ಆ ಇಸವಿಯನ್ನು ಗೊತ್ತುಮಾಡಿದ್ದು 19ನೇ ಶತಮಾನದ ಒಂದು ಸಮಿತಿ. 1888ರಲ್ಲಿ ಎಂಟುನೂರನೇ ವರ್ಷದ ಉತ್ಸವವೂ ನಡೆಯಿತು. ಆರಂಭದ ಶತಮಾನಗಳಲ್ಲಿ ಮೇಷ್ಟ್ರನ್ನು ನೇಮಿಸಿ ಸಂಬಳ ಕೊಡುತ್ತಿದ್ದವರು ವಿದ್ಯಾರ್ಥಿಗಳೇ. ಪಾಠಕ್ಕೆ ತಡವಾಗಿ ಬಂದ ಮೇಷ್ಟ್ರು ದಂಡ ತೆರಬೇಕಿತ್ತು!

ಈಗ ವೀಸಾ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಟಲಿಗೆ ಬೇಕಾದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲಾದರೂ ಹಾಕಿರಲೇಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗುತ್ತದೆ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗುತ್ತದೆ. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿದ್ದು, ಇಟಲಿಗಷ್ಟೇ ಅಲ್ಲದೆ ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂತಿರಬೇಕು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಮರಳಿದ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಿರಬೇಕು.

ಸಮ್ಮೇಳನದವರು ಕಳಿಸುವ ಆಹ್ವಾನ ಪತ್ರವನ್ನು ಸಾಲು ಸಾಲಾಗಿ ಓದಿ ನೋಡಿ. ನಿಮ್ಮ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ? ಇನಿಷಿಯಲ್ ಬಿಡಿಸಿ ಬರೆದಿದ್ದಾರೆಯೇ? ಸಮ್ಮೇಳನದ ದಿನಾಂಕ, ವಸತಿ ಮತ್ತು ಪ್ರಯಾಣದ ಖರ್ಚು ಹೊರುವವರು ಯಾರು ಎಂಬುದು ಸ್ಪಷ್ಟವಾಗಿದೆಯೇ? ಅಪ್ಪನ ಹೆಸರೋ ಊರಿನ ಹೆಸರೋ ಇನಿಷಿಯಲ್ ಆಗಿರುವ ನಮ್ಮ ಕಡೆಯವರಿಗೆ ಈ ಎಚ್ಚರ ತುಂಬ ಮುಖ್ಯ.

ಸಮ್ಮೇಳನ ಮುಗಿಸಿ ಪ್ಯಾರಿಸ್ಸನ್ನೂ ನೋಡಿ ಬರುವ ಆಸೆಯೇ? ಹೆಚ್ಚು ದಿನ ತಂಗುವ ದೇಶಕ್ಕೆ, ಅಥವಾ ಪ್ರಯಾಣದ ಮುಖ್ಯ ಉದ್ದೇಶ ಇರುವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ನಿಯಮ.

ಇಳಿಯುವ ಊರು ಬೊಲೋನ್ಯಾ ಆದರೂ ಇಮಿಗ್ರೇಷನ್ ಅಲ್ಲೇ ಆಗಬೇಕೆಂದಿಲ್ಲ! ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಹೋದರೆ ಷೆಂಗೆನ್ ಪ್ರವೇಶದ ತಪಾಸಣೆ ಫ್ರಾಂಕ್‌ಫರ್ಟಿನಲ್ಲೇ ಮುಗಿಯುತ್ತದೆ. ದುಬೈ ಮೂಲಕ ಹೋದರೆ ಬೊಲೋನ್ಯಾದಲ್ಲಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖಚಿತ್ರ, ಬೆರಳಚ್ಚು ಆಧರಿಸಿದ ಎಲೆಕ್ಟ್ರಾನಿಕ್ ದಾಖಲಾತಿ ಹಂತ ಹಂತವಾಗಿ ಶುರುವಾಗಿದೆ. ಹಾಗಾಗಿ ಯುರೋಪಿನೊಳಗೆ ವಿಮಾನ ಬದಲಿಸುವವರು ನಡುವೆ ಒಂದು ಗಂಟೆಯ ಅಂತರ ನಂಬಿ ಟಿಕೆಟ್ ಮಾಡಿಸುವುದು ಬೇಡ.

ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಸೋಮವಾರ ಬೆಳಗ್ಗೆ ಮೊದಲ ಭಾಷಣ ನಿಮ್ಮದಾಗಿದ್ದರೆ ಇದು ನೆನಪಿರಲಿ.

ತುಪ್ಪ, ಬೆಣ್ಣೆ, ಪನ್ನೀರ್ ಕಟ್ಟಿಕೊಂಡು ಹೋಗುವಂತಿಲ್ಲ. ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣಿಗೂ ತೆಂಗಿನಕಾಯಿಗೂ ಬೇಡ!

ಬೊಲೋನ್ಯಾ ವಿಮಾನ ನಿಲ್ದಾಣಕ್ಕೆ ರೇಡಿಯೊ ಸಂಶೋಧಕ ಗುಲ್ಯೆಲ್ಮೊ ಮಾರ್ಕೋನಿಯ ಹೆಸರು. 1874ರಲ್ಲಿ ಅವನು ಹುಟ್ಟಿದ್ದು ಇದೇ ಊರಲ್ಲಿ. ಅಲ್ಲಿಂದ ರೈಲು ನಿಲ್ದಾಣಕ್ಕೆ ಒಂಟಿ ಹಳಿಯ ಮಾರ್ಕೋನಿ ಎಕ್ಸ್‌ಪ್ರೆಸ್ ಸುಮಾರು ಏಳೇ ನಿಮಿಷದಲ್ಲಿ ತಲುಪಿಸುತ್ತದೆ. ಬೊಲೋನ್ಯಾಕ್ಕೆ ಟಿಕೆಟ್ ದುಬಾರಿಯಾದರೆ ಮಿಲಾನಿಗೆ ಹೋಗಿ ಇಳಿಯಿರಿ. ಮಿಲಾನ್ ಮುಖ್ಯ ನಿಲ್ದಾಣದಿಂದ ವೇಗದ ರೈಲಿಗೆ ಸುಮಾರು ಒಂದು ಗಂಟೆಯ ದಾರಿ. ವೇಗದ ರೈಲುಗಳು ಬೊಲೋನ್ಯಾ ನಿಲ್ದಾಣದ ನೆಲದಾಳದಲ್ಲಿ ನಿಲ್ಲುವುದರಿಂದ, ಮರಳುವಾಗ ಪ್ಲಾಟ್‌ಫಾರ್ಮ್ ತಲುಪಲು ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಇಲ್ಲವಾದರೆ ಟಿಕೆಟ್ ಕೈಲಿದ್ದೂ ದಂಡ ಕಟ್ಟಬೇಕಾದೀತು.

ಬೊಲೋನ್ಯಾ ರೈಲು ನಿಲ್ದಾಣದ ಹೊರಗೋಡೆಯ ಒಂದು ಗಡಿಯಾರ ಸದಾ 10 ಗಂಟೆ 25 ನಿಮಿಷ ತೋರಿಸುತ್ತದೆ. ಅದು ಕೆಟ್ಟಿಲ್ಲ, ಹಾಗೇ ನಿಲ್ಲಿಸಿದ್ದಾರೆ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ನಿರೀಕ್ಷಣಾ ಕೊಠಡಿಯಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಬಹಳ ಮಂದಿ ರಜೆಗೆ ಹೊರಟಿದ್ದವರು. ರೈಲಿಗೆ ಅವಸರವಿದ್ದರೂ ಅಲ್ಲಿ ಒಂದು ಕ್ಷಣ ನಿಲ್ಲಬೇಕು.

ಗಣಿತದವರಿಗೆ ಬೊಲೋನ್ಯಾ ಹೆಸರು 1928ರಿಂದ ಪರಿಚಿತ. ಮೊದಲ ಮಹಾಯುದ್ಧದ ನಂತರ 1920 ಮತ್ತು 1924ರ ಅಂತರರಾಷ್ಟ್ರೀಯ ಗಣಿತ ಸಮ್ಮೇಳನಗಳಿಗೆ ಜರ್ಮನ್ನರನ್ನು ಕರೆದಿರಲಿಲ್ಲ. 1928ರಲ್ಲಿ ಇಲ್ಲಿ ನಡೆದ ಸಮ್ಮೇಳನಕ್ಕೆ ಬೊಲೋನ್ಯಾದ ಗಣಿತಜ್ಞ ಸಾಲ್ವಟೋರೆ ಪಿಂಕೆರ್ಲೆ ಎಲ್ಲ ದೇಶದವರಿಗೂ ಬಾಗಿಲು ತೆರೆದರು. ಜರ್ಮನಿಯೊಳಗೆ ವಿರೋಧವಿದ್ದರೂ ಡೇವಿಡ್ ಹಿಲ್ಬರ್ಟ್ ದೊಡ್ಡ ತಂಡದೊಂದಿಗೆ ಬಂದರು. ಗಣಿತದ ಬುನಾದಿಯ ಬಗ್ಗೆ ಅವರು ಅಲ್ಲಿ ಎತ್ತಿದ ಪ್ರಶ್ನೆಗಳಿಗೆ ಕೆಲವೇ ವರ್ಷಗಳಲ್ಲಿ ಕರ್ಟ್ ಗೋಡೆಲ್ ಯಾರೂ ನಿರೀಕ್ಷಿಸದ ಉತ್ತರ ಕೊಟ್ಟರು. ಒಂದು ಸಮ್ಮೇಳನದಿಂದ ಇದಕ್ಕಿಂತ ಹೆಚ್ಚು ಏನು ಬೇಕು?

ಬೊಲೋನ್ಯಾದ ಮಳೆಗೆ ಕೊಡೆ ಬೇಕೇ? ಹೆಚ್ಚಾಗಿ ಬೇಡ. ಊರಿನ ರಸ್ತೆಗಳಿಗೆ ಹೊಂದಿಕೊಂಡಂತೆ ಒಟ್ಟು 62 ಕಿ.ಮೀ. ಉದ್ದದ ಕಂಬಸಾಲಿನ ಮೊಗಸಾಲೆಗಳಿವೆ. ಓದಲು ಬರುವವರು ಹೆಚ್ಚಿದಂತೆ ಜಾಗ ಸಾಲದೆ ಮನೆಗಳ ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿದರು. ಅದಕ್ಕೆ ಊರೆಗಂಬ ಕೊಟ್ಟರು. ಕೆಳಗೆ ನೆರಳಿನ ದಾರಿ ಉಳಿಯಿತು. 1288ರ ನಗರ ಕಾನೂನು ಹೊಸ ಮನೆಗೆಲ್ಲ ಮೊಗಸಾಲೆ ಕಡ್ಡಾಯ ಮಾಡಿತು. ಕುದುರೆ ಸವಾರ ತಲೆ ತಗ್ಗಿಸದೆ ಸಾಗುವಷ್ಟು ಎತ್ತರ ಇರಬೇಕೆಂದೂ ವಿಧಿಸಿತು. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿಗೆ ಹತ್ತುವ ಮೊಗಸಾಲೆಯೊಂದಕ್ಕೇ 666 ಕಮಾನುಗಳು.

ಊಟದ ಬಿಡುವಿನಲ್ಲಿ ಸಾನ್ ಪೆತ್ರೋನಿಯೊ ಚರ್ಚಿಗೆ ಹೋಗಿ. ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ಗೆರೆ ಕಾಣುತ್ತದೆ. 1655ರಲ್ಲಿ ಖಗೋಳಜ್ಞ ಕಸೀನಿ ಹಾಕಿಸಿದ್ದು. ಸುಮಾರು 27 ಮೀಟರ್ ಎತ್ತರದ ಚಾವಣಿಯ ಸಣ್ಣ ತೂತಿನಿಂದ ಬಿಸಿಲು ಕೆಳಗೆ ಬಿದ್ದು, ಬೆಳಕಿನ ಬಿಲ್ಲೆ ನೆಲದ ಮೇಲೆ ಸರಿಯುತ್ತ ಬಂದು ನಡುಹಗಲಿಗೆ ಸರಿಯಾಗಿ ಗೆರೆ ದಾಟುತ್ತದೆ. ಬೇಸಿಗೆಯಲ್ಲಿ ಬಿಲ್ಲೆ ತೂತಿನ ಬುಡದ ಹತ್ತಿರ ಪುಟ್ಟದಾಗಿ, ಚಳಿಗಾಲದಲ್ಲಿ ದೂರದ ತುದಿಯಲ್ಲಿ ಉದ್ದುದ್ದವಾಗಿ ಕಾಣುತ್ತದೆ. ಬಿಲ್ಲೆಯ ಅಗಲ ಅಳೆದೇ ಕಸೀನಿ ಸೂರ್ಯನ ದೂರ ವರ್ಷದುದ್ದಕ್ಕೂ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕಿ, ಗ್ರಹಚಲನೆಯ ಬಗ್ಗೆ ಖಗೋಳಜ್ಞ ಕೆಪ್ಲರನ ವಾದಕ್ಕೆ ಬಲ ಕೊಟ್ಟ. ಬೇಸಿಗೆಯಲ್ಲಾದರೆ ಕೈಗಡಿಯಾರದ ಒಂದೂಕಾಲರ ಆಸುಪಾಸಿಗೆ, ಚಳಿಗಾಲದಲ್ಲಾದರೆ ಹನ್ನೆರಡೂಕಾಲರ ಆಸುಪಾಸಿಗೆ ಅಲ್ಲಿರಿ. ಊರಿನಲ್ಲಿ ಒಂದೇ ಒಂದನ್ನು ನೋಡಲು ಸಮಯವಿದ್ದರೆ ನನ್ನ ಶಿಫಾರಸು ಇದೇ.

ಪಕ್ಕದಲ್ಲೇ ಇರುವ ಆರ್ಕಿಜಿನ್ನಾಸಿಯೊ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಕಟ್ಟಡವಾಗಿತ್ತು. ಗೋಡೆಗಳ ತುಂಬ ವಿದ್ಯಾರ್ಥಿಗಳ ಸಾವಿರಾರು ಲಾಂಛನಗಳು. ಒಳಗಿನ ಮರದ ಶವಚ್ಛೇದನ ಸಭಾಂಗಣ 1944ರ ಬಾಂಬ್ ದಾಳಿಯಲ್ಲಿ ನುಚ್ಚುನೂರಾಗಿತ್ತು. ಅವಶೇಷಗಳಿಂದ ತುಂಡುಗಳನ್ನು ಆರಿಸಿ ಮತ್ತೆ ಕಟ್ಟಿದರು. ಭೌತವಿಜ್ಞಾನಿ ಲಾರಾ ಬಾಸ್ಸಿ 1732ರಲ್ಲಿ, ತಮ್ಮ ಇಪ್ಪತ್ತರ ವಯಸ್ಸಿನಲ್ಲಿ, ಡಾಕ್ಟರೇಟ್ ಪಡೆದು ಇದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು.

ಹಳೆಯ ಗೈಡ್ ಪುಸ್ತಕ ನಂಬಿ ಅಸಿನೆಲ್ಲಿ ಗೋಪುರದ ಮೆಟ್ಟಿಲು ಹತ್ತಲು ಹೊರಡಬೇಡಿ. ಪಕ್ಕದ ವಾಲಿದ ಗರಿಸೆಂಡಾ ಗೋಪುರಕ್ಕೆ ಅಪಾಯ ಕಂಡುಬಂದು 2023ರ ಅಕ್ಟೋಬರಿನಲ್ಲಿ ಎರಡನ್ನೂ ಮುಚ್ಚಿದರು.

ಸಸ್ಯಾಹಾರಿಗಳೇ, ಇಲ್ಲಿ ಹುಷಾರು. ಊರಿನ ಹೆಮ್ಮೆಯ ಪಾಸ್ತಾ ತೋರ್ತೆಲ್ಲೀನಿಯ ಒಳಗೆ ಹಂದಿಮಾಂಸ, ಅದು ತೇಲುವ ಸಾರೂ ಮಾಂಸದ್ದೇ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ರಿಕೋಟಾ ತುಂಬಿದ ತೋರ್ತೆಲ್ಲೋನಿಯಲ್ಲಿ ಮಾಂಸ ಇರುವುದಿಲ್ಲ, ಆದರೆ ಹೂರಣಕ್ಕೆ ಪಾರ್ಮಿಜಾನೊ ಸೇರಿಸಿದ್ದಾರೆಯೇ ಎಂದು ಕೇಳಬೇಕು, ಮೇಲೆ ಚೀಸ್ ಉದುರಿಸಬೇಡಿ ಎಂದು ಹೇಳಬೇಕು, ಹಿಟ್ಟಿಗೆ ಮೊಟ್ಟೆ ಸೇರಿರುತ್ತದೆ ಎಂಬುದೂ ಗೊತ್ತಿರಬೇಕು. ಪಟ್ಟಿಯಂಥ ಪಾಸ್ತಾ ತಲ್ಯತೆಲ್ಲೆ ಬೆಂದ ಮೇಲೆ ಅದರ ಅಗಲ 8 ಮಿ.ಮೀ. ಇರಬೇಕೆಂದು 1972ರಲ್ಲಿ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ!

ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ಬೆಲೆ ಏರಬಹುದು. ಹೋಟೆಲ್ ಬಿಲ್ಲಿನ ಮೇಲೆ ನಗರದ ತಂಗುದಾಣ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕು. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಕೂರದು. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ವಸಂತದಲ್ಲಿ ಮಕ್ಕಳ ಪುಸ್ತಕ ಮೇಳ, ಸೌಂದರ್ಯ ಸಾಮಗ್ರಿ ಮೇಳ ನಡೆಯುವ ದಿನಗಳಲ್ಲಿ ಕೋಣೆ ಸಿಗುವುದೇ ಕಷ್ಟ.

ಕೊನೆಯದಾಗಿ ಒಂದು ಮಾತು. ಪ್ರಬಂಧ ಒಪ್ಪಿಗೆಯಾದ ದಿನವೇ ವೀಸಾ ಅಪಾಯಿಂಟ್‌ಮೆಂಟ್ ಹುಡುಕಿ. ಅರ್ಜಿಯಲ್ಲೂ ವಿಮೆಯಲ್ಲೂ ಸಮ್ಮೇಳನಕ್ಕಿಂತ ಎರಡು ದಿನ ಹೆಚ್ಚಿಗೆ ಸೇರಿಸಿ. ಮುಕ್ತಾಯ ಸಮಾರಂಭದ ರಾತ್ರಿಯ ವಿಮಾನಕ್ಕೆ ಮಾತ್ರ ಟಿಕೆಟ್ ಮಾಡಿಸಬೇಡಿ.