ಕಿಟಕಿ ಕೀಳಿಸುವ ಮುನ್ನ ದಬ್ಬಣ ಚುಚ್ಚಿ ನೋಡಿ

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಮುಂಗಾರಿನವರೆಗೆ ಸಿಗುವ ಬಿಡುವಿನಲ್ಲಿ ಬೇಲಿ, ಬದು, ಗಾಡಿ, ಕೊಟ್ಟಿಗೆ ಎಲ್ಲದರ ದುರಸ್ತಿ ನಡೆಯುತ್ತದೆ. ಮನೆಯ ಕಿಟಕಿಯ ಸರದಿ ಮಾತ್ರ ಬರುವುದೇ ಇಲ್ಲ. ಕದ ಕಳಚಿದರೆ ಗೋಣಿತಾಟು ಇಳಿಬಿಡುತ್ತೇವೆ. ಚೌಕಟ್ಟು ಕುಸಿದರೆ ಇಟ್ಟಿಗೆಯಿಟ್ಟು ಮುಚ್ಚಿಬಿಡುತ್ತೇವೆ. ಅಡಿಗೆಮನೆಯ ಕಿಟಕಿ ಹೀಗೆ ಮುಚ್ಚಿಹೋದರೆ ಸೌದೆಯ ಹೊಗೆಯೆಲ್ಲ ಒಲೆಯ ಮುಂದೆ ಕುಳಿತ ಹೆಂಗಸರ ಎದೆಗೇ ಹೋಗುತ್ತದೆ. ಕಾಳಿನ ಕೋಣೆಯ ಕಿಟಕಿ ಮುಚ್ಚಿದರೆ ತೇವ ಹೊರಹೋಗದೆ ಮೂಟೆಗಳಿಗೆ ಬೂಷ್ಟು ಹತ್ತುತ್ತದೆ.

ಇನ್ನು ಕೆಲವರು ಕೆಳಗಿನ ನಾಲ್ಕು ಅಂಗುಲ ಲಡ್ಡಾಯಿತೆಂದು ಇಡೀ ಕಿಟಕಿಯನ್ನೇ ಕೀಳಿಸಿ ಹಳೆಯ ಸಾಮಾನಿನವರಿಗೆ ಕೊಡುತ್ತಾರೆ. ಇದು ಶುದ್ಧ ನಷ್ಟ. ತಾತನ ಕಾಲದ ಹೊನ್ನೆ, ಮತ್ತಿ, ತೇಗದ ಚೌಕಟ್ಟುಗಳು ಬಹುಮಟ್ಟಿಗೆ ಚೇಗಿನಿಂದ ಮಾಡಿದವು. ಅವುಗಳ ಜಾಗಕ್ಕೆ ಬರುವುದು ಹಲವು ವೇಳೆ ಬಿಳಿ ಭಾಗ ಸೇರಿದ ಹಸಿ ಮರ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ತಿರುಚಿಕೊಂಡು ಕದ ಕೂರುವುದಿಲ್ಲ. ಬಿಳಿ ಭಾಗವಂತೂ ಗೆದ್ದಲಿಗೆ ಹಬ್ಬದೂಟ.

ಆದ್ದರಿಂದ ಮೊದಲು ಪರೀಕ್ಷೆ. ಮೂಟೆ ಹೊಲಿಯುವ ದಬ್ಬಣದಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಅಲ್ಲಲ್ಲಿ ಚುಚ್ಚುತ್ತ ಹೋಗಿ. ಕಾಲು ಅಂಗುಲಕ್ಕಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಭಾಗ ಕೊಳೆತಿದೆ. ಕೈಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಹೊಕ್ಕಿರಬಹುದು. ಸಾಮಾನ್ಯವಾಗಿ ಕೆಳಪಟ್ಟಿ ಮತ್ತು ನಿಂತ ಪಟ್ಟಿಗಳ ಬುಡ ಮಾತ್ರ ಹಾಳಾಗಿರುತ್ತದೆ.

ಬುಡವೇ ಏಕೆ? ಮರ ಕೊಳೆಯುವುದು ಬೂಷ್ಟಿನ ಜಾತಿಯ ಶಿಲೀಂಧ್ರದಿಂದ. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಅದು ಬೆಳೆಯಲಾರದು. ಪಟ್ಟಿಯ ಕತ್ತರಿಸಿದ ತುದಿ ನೀರನ್ನು ಬತ್ತಿಯಂತೆ ಹೀರುತ್ತದೆ. ಆ ತುದಿ ಇರುವುದು ಕೆಳಗೆ. ನೈಋತ್ಯದಿಂದ ಬರುವ ಮುಂಗಾರಿನ ಎರಚಲು ಹೊಡೆಯುವ ಪಡುವಣ ಕಿಟಕಿಗಳು ಮೊದಲು ಕೆಡುವುದೂ ಇದಕ್ಕೇ. ನೀರಿಗೆ ದಾರಿ ತಪ್ಪಿಸದೆ ಎಂಥ ಮರ ಹಾಕಿದರೂ ಕೆಲವೇ ವರ್ಷ. ಮೇಲೆ ಒಂದೂವರೆ ಅಡಿಯ ಸಜ್ಜಾ, ಕೆಳಗೆ ಹೊರಗಡೆಗೆ ಇಳಿಜಾರಾದ ಗಾರೆ, ಕೆಳಹಲಗೆಯ ಅಡಿಯಲ್ಲಿ ಹೊರ ಅಂಚಿನ ಉದ್ದಕ್ಕೂ ಸಣ್ಣ ತೋಡು ಇರಬೇಕು. ತೋಡಿನ ಬಳಿ ಹನಿ ಕಳಚಿ ಬೀಳುತ್ತದೆ, ಗೋಡೆಗೆ ಹರಿಯುವುದಿಲ್ಲ.

ಕೊಳೆತದ್ದನ್ನು ಕಂಡಷ್ಟೇ ಕತ್ತರಿಸಿದರೆ ಸಾಲದು. ಗಟ್ಟಿ ಮರ ಸಿಕ್ಕ ಮೇಲೂ ಎರಡು ಅಂಗುಲ ಮೇಲಕ್ಕೆ ಹೋಗಬೇಕು. ಅಡ್ಡಲಾಗಿ ಅಲ್ಲ, ಓರೆಯಾಗಿ ಕೊಯ್ಯಿಸಿ. ಮೂರು ಅಂಗುಲದ ಪಟ್ಟಿಗೆ ಆರು ಅಂಗುಲದ ಓರೆ ಬೇಕು. ಅದು ಹೊರಕ್ಕೆ ಇಳಿಜಾರಾಗಿರಲಿ. ತೇಪೆಗೆ ಹೊಸ ಮರ ಕೊಳ್ಳುವ ಅಗತ್ಯವಿಲ್ಲ. ಅಟ್ಟದ ಮೇಲಿರುವ ಮುರಿದ ಬಾಗಿಲು, ಹಳೆಯ ಗಾಡಿಯ ಮೂಕಿ ಇಂಥವು ಚೆನ್ನಾಗಿ ಒಣಗಿ ಪಳಗಿರುತ್ತವೆ. ನೀರಿಗೆ ಬಿಡದ ಅಂಟು ಹಚ್ಚಿ, ತೂತು ಕೊರೆದು, ತಿರುಪು ಮೊಳೆ ಬಿಗಿಸಿ. ಗೋಡೆಗೆ ತಾಗುವ ಮೈಗೆ ಡಾಂಬರು ಬಳಿಯಿರಿ. ಒಳ್ಳೆಯ ಬಡಗಿಗೆ ಇದು ಬಹಳ ಹೊತ್ತಿನ ಕೆಲಸವಲ್ಲ.

ಗೆದ್ದಲಾದರೆ ಮಣ್ಣಿನ ಗೂಡು ಕೆರೆದು ಸುಮ್ಮನಾಗಬೇಡಿ. ಅದು ನೆಲದಿಂದ ಗೋಡೆ ಹಿಡಿದು ಬಂದಿರುತ್ತದೆ. ಗೋಡೆಗೊರಗಿಸಿದ ಸೌದೆ, ಸೆತ್ತೆಗಳನ್ನು ದೂರ ಸರಿಸಿ. ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ಕಿಟಕಿಗೆ ಬಳಿಯುವ ರೂಢಿ ಕೆಲವೆಡೆ ಇದೆ. ಮಕ್ಕಳು ಮಲಗುವ, ಕಾಳು ಇಡುವ ಕೋಣೆಯಲ್ಲಿ ಇದು ಕೂಡದು. ಹಿಂದೆ ಗೆದ್ದಲಿಗೆಂದು ಬಳಸುತ್ತಿದ್ದ ಆಲ್ಡ್ರಿನ್ ದೇಶದಲ್ಲಿ ನಿಷೇಧವಾಗಿದೆ. ಹಳೆಯ ಡಬ್ಬಿ ಉಳಿದಿದ್ದರೆ ಮುಟ್ಟಬೇಡಿ. ನೆಲಕ್ಕೆ ಔಷಧಿ ಹಾಕಿಸುವುದಾದರೆ ತರಬೇತಾದವರಿಂದಲೇ ಹಾಕಿಸಿ.

ಮೇಲ್ಪಟ್ಟಿ, ಮೂಲೆಗಳೂ ಹೋಗಿದ್ದರೆ ಬದಲಿಸದೆ ವಿಧಿಯಿಲ್ಲ. ಆಗ ಒಂದು ಎಚ್ಚರಿಕೆ: ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಎಷ್ಟೋ ಕಡೆ ಕಿಟಕಿಯ ಚೌಕಟ್ಟೇ ಮೇಲಿನ ಗೋಡೆಯ ಭಾರ ಹೊತ್ತಿರುತ್ತದೆ. ದಪ್ಪ ಕಂಬಗಳ ಆಸರೆ ಕೊಡದೆ ಕಿತ್ತರೆ ಗೋಡೆ ತಲೆಯ ಮೇಲೆ ಬರುತ್ತದೆ. ಒಂದು ಸಲಕ್ಕೆ ಒಂದೇ ಕಿಟಕಿ ಕೀಳಿಸಿ. ಸ್ವಂತ ಜಮೀನಿನದಾದರೂ ತೇಗ, ಹೊನ್ನೆ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಳಿನ ಕೋಣೆಯ ಕಿಟಕಿಗೆ ತಂತಿ ಬಲೆ ಹೊಡೆಸಿ. ಬಲೆಯ ಕಣ್ಣು ಕಾಲು ಅಂಗುಲ ಮೀರಿದರೆ ಸುಂಡಿಲಿ ನುಸುಳುತ್ತದೆ.

ದುರಸ್ತಿಯಾದ ಕಿಟಕಿ ಮಳೆಗಾಲದಲ್ಲಿ ಬಿಗಿದುಕೊಂಡಿತೆಂದು ಕೂಡಲೇ ಕೀಸುಳಿ ಹಿಡಿಯಬೇಡಿ. ತೇವಕ್ಕೆ ಮರ ಉಬ್ಬುವುದು ಸಹಜ. ಆಗ ಕೀಸಿದರೆ ಬೇಸಿಗೆಯಲ್ಲಿ ಬೆರಳಗಲ ಸಂದು ಬೀಳುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ ಸಂಕ್ರಾಂತಿಯವರೆಗೆ ಕಾಯಿರಿ. ಆಗಲೂ ಬಿಗಿಯಿದ್ದರೆ ಮಾತ್ರ ಒಂದೆರಡು ಎಳೆ ಕೀಸಿಸಿ, ಕೀಸಿದ ಅಂಚಿಗೆ ಅಂದೇ ಬಣ್ಣ ಬಳಿಯಿರಿ.