ಮನೆಯ ಅಂತರ್ಜಾಲ ಸಂಪರ್ಕವು ಪದೇ ಪದೇ ಕಡಿದುಹೋಗುವುದಕ್ಕೆ ಕಾರಣಗಳು ಮತ್ತು ಅವನ್ನು ಪತ್ತೆಮಾಡುವ ಕ್ರಮ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿಯಲ್ಲಿಯೂ, ನೆರೆಯ ಚನ್ನಗಿರಿ ಮತ್ತು ನ್ಯಾಮತಿ ಸೀಮೆಗಳಲ್ಲಿಯೂ ಅಡಿಕೆ, ಭತ್ತ, ಮೆಕ್ಕೆಜೋಳಗಳನ್ನು ಬೆಳೆಯುವ ಹಿಡುವಳಿದಾರರಿಗೆ ಅಂತರ್ಜಾಲವು ಈಗ ಬೇಸಾಯದ ಉಪಕರಣಗಳಲ್ಲಿ ಒಂದಾಗಿರುವುದು. 2000ನೆಯ ಇಸವಿಯ ಸುಮಾರಿಗೆ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಸೇರಿದುವು. ಅಂದಿನಿಂದ ಒಂದೊಂದಾಗಿ ಬೆಳೆ ಸಮೀಕ್ಷೆ, ಬೆಳೆ ವಿಮೆಯ ನೋಂದಣಿ, ರಾಶಿ ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ ಇವೆಲ್ಲವೂ ಇದೇ ಮಾರ್ಗವನ್ನು ಹಿಡಿದಿವೆ. ಹೀಗಿರುವಲ್ಲಿ ವಿಮೆಯ ಕಂತು ಕಟ್ಟಲು ನಿಗದಿಯಾದ ಕಡೆಯ ದಿವಸದ ಸಾಯಂಕಾಲ ಸಂಪರ್ಕವು ಮೂರು ಬಾರಿ ಕಡಿದು ಅರ್ಜಿಯು ಅರ್ಧಕ್ಕೆ ನಿಂತರೆ, ಆ ವರ್ಷ ಮಳೆಯು ಕೈಕೊಟ್ಟಲ್ಲಿ ರೈತನಿಗೆ ಆಸರೆಯೇ ಇಲ್ಲದಂತಾಗುವುದು.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ಜನರು ಮಾಡುವುದೇನೆಂದರೆ, ರೂಟರೆಂಬ ಪೆಟ್ಟಿಗೆಯನ್ನು ಕೈಯಿಂದ ಎರಡು ಸಲ ತಟ್ಟುವರು. ಇಲ್ಲವೆ ಅದರ ಹಿಂಬದಿಯಲ್ಲಿರುವ ಸಣ್ಣ ರಂಧ್ರಕ್ಕೆ ಕಡ್ಡಿಯನ್ನು ತೂರಿಸಿ ಒತ್ತುವರು. ಅದರಿಂದಲೂ ಪ್ರಯೋಜನ ಕಾಣದಿದ್ದರೆ ಪಟ್ಟಣಕ್ಕೆ ಹೋಗಿ ಹೊಸ ಪೆಟ್ಟಿಗೆಯನ್ನು ಕೊಂಡು ತರುವರು. ಈ ಮೂರರಲ್ಲಿ ಎರಡನೆಯದು ಅತ್ಯಂತ ಹಾನಿಕರವಾದುದು. ಆ ರಂಧ್ರದೊಳಗಿನ ಗುಂಡಿಯನ್ನು ಹತ್ತಾರು ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ, ಕಂಪೆನಿಯವರು ಪೆಟ್ಟಿಗೆಯಲ್ಲಿ ಬರೆದಿಟ್ಟಿರುವ ಗ್ರಾಹಕನ ಹೆಸರು, ಗುಪ್ತಪದ ಮುಂತಾದುವು ಅಳಿಸಿಹೋಗಿ, ಆಗಾಗ್ಗೆ ಕಡಿಯುತ್ತಿದ್ದ ಸಂಪರ್ಕವು ಪೂರ್ತಿಯಾಗಿಯೇ ನಿಂತುಬಿಡುವುದುಂಟು. ಬಳಿಕ ಕಂಪೆನಿಯ ಮನುಷ್ಯನು ಬಂದು ಅವನ್ನು ಮತ್ತೆ ತುಂಬಿಸುವವರೆಗೆ ಕಾಯಬೇಕಾಗುವುದು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸುವುದು ಬೇರೆ, ಈ ಗುಂಡಿಯನ್ನು ಒತ್ತುವುದು ಬೇರೆ. ಮೊದಲನೆಯದರಿಂದ ಬಾಧಕವಿಲ್ಲ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆಗೆ ನೀರು ಬಾರದೆ ಹೋದರೆ ಅನುಭವಸ್ಥನಾದ ನೀರುಗಂಟಿಯು ತಟ್ಟನೆ ಗುದ್ದಲಿಯನ್ನು ಎತ್ತುವುದಿಲ್ಲ. ಹೊಲಗಾಲುವೆಯಲ್ಲಿ ನೀರಿದೆಯೇ, ಉಪನಾಲೆಯಲ್ಲಿದೆಯೇ, ತೂಬು ತೆರೆದಿದೆಯೇ ಎಂದು ನಡೆದು ನೋಡಿ, ನೀರು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆಯೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವನು. ಅಂತರ್ಜಾಲಕ್ಕೂ ಇದೇ ಕ್ರಮವು ಸಲ್ಲುವುದು. ಕಂಪೆನಿಯ ಠಾಣೆಯಿಂದ ಮನೆಯವರೆಗಿನ ತಂತಿಯು ಒಂದು ಭಾಗ. ಪೆಟ್ಟಿಗೆಯೂ ಅದಕ್ಕೆ ಬರುವ ವಿದ್ಯುತ್ತೂ ಸೇರಿ ಎರಡನೆಯ ಭಾಗ. ಪೆಟ್ಟಿಗೆಯಿಂದ ಮೊಬೈಲಿನವರೆಗೆ ಗಾಳಿಯಲ್ಲಿ ಸಾಗುವ ವೈ-ಫೈ ಮೂರನೆಯ ಭಾಗ. ದೋಷವು ಯಾವ ಭಾಗದಲ್ಲಿದೆಯೆಂದು ತಿಳಿಯದೆ ಮಾಡಿದ ಖರ್ಚೆಲ್ಲವೂ ವ್ಯರ್ಥವೇ ಸರಿ.

ದೋಷವಿರುವ ಭಾಗವನ್ನು ತಿಳಿಯಲು ಬೇಕಾದ ಸಾಧನವು ಒಂದು ಪುಸ್ತಕ ಮತ್ತು ಒಂದು ಪೆನ್ಸಿಲು ಮಾತ್ರ. ಸಂಪರ್ಕವು ಕಡಿದಾಗಲೆಲ್ಲ ಹೊತ್ತೆಷ್ಟು, ಪೆಟ್ಟಿಗೆಯ ಯಾವ ದೀಪವು ಹೇಗಿತ್ತು, ಆಗ ಮಳೆ ಗಾಳಿ ಇತ್ತೇ, ಪಂಪುಸೆಟ್ಟುಗಳು ಓಡುತ್ತಿದ್ದುವೇ ಎಂಬ ಸಂಗತಿಗಳನ್ನು ಬರೆದಿಡಬೇಕು. ನಾಲ್ಕೈದು ದಿವಸ ಹೀಗೆ ಬರೆದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವು ತಾನಾಗಿಯೇ ಕಾಣಿಸಿಕೊಳ್ಳುವುದು. ದೀಪಗಳ ಭಾಷೆ ಕಷ್ಟವಾದುದಲ್ಲ. ಎಲ್ಲ ದೀಪಗಳೂ ಒಮ್ಮೆ ಆರಿ ಒಂದೊಂದಾಗಿ ಹೊತ್ತುತ್ತಿದ್ದರೆ ದೋಷವು ವಿದ್ಯುತ್ತಿನದು. ಪವರ್ ದೀಪವು ಸ್ಥಿರವಾಗಿದ್ದು ಲಾಸ್ ಎಂಬ ದೀಪವು ಕೆಂಪಾಗಿ ಮಿನುಗುತ್ತಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಪಾನ್ ಎಂಬ ದೀಪವು ಹಸಿರಾಗಿ ಸ್ಥಿರವಾಗಿದ್ದೂ ಇಂಟರ್ನೆಟ್ ದೀಪವು ಹೊತ್ತದಿದ್ದರೆ ಮನೆಯವರೆಗಿನ ತಂತಿಯು ಸರಿಯಾಗಿದ್ದು, ತೊಂದರೆಯು ಕಂಪೆನಿಯ ಲೆಕ್ಕದಲ್ಲಿಯೋ ಪೆಟ್ಟಿಗೆಯೊಳಗಿನ ಬರವಣಿಗೆಯಲ್ಲಿಯೋ ಇರುವುದು. ತಿಂಗಳ ಹಣವು ಸಂದಾಯವಾಗಿದೆಯೇ ಎಂದು ಮೊದಲು ನೋಡುವುದು ಲೇಸು. ದೀಪಗಳೆಲ್ಲ ಸರಿಯಾಗಿದ್ದರೂ ಮೊಬೈಲಿಗೆ ಮಾತ್ರ ಸಂಪರ್ಕವಿಲ್ಲದಿದ್ದರೆ ದೋಷವು ಮೂರನೆಯ ಭಾಗದ್ದು.

ವಿದ್ಯುತ್ತಿನ ವಿಷಯ.— ಹಳ್ಳಿಗಳಲ್ಲಿ ಎಲ್ಲಕ್ಕಿಂತ ಮೊದಲು ಸಂಶಯಿಸತಕ್ಕದ್ದು ಇದನ್ನೇ. "ಕರೆಂಟು ಹೋಗಲೇ ಇಲ್ಲ, ನೆಟ್ಟು ಮಾತ್ರ ಹೋಯಿತು" ಎಂದು ಮನೆಯವರು ಹೇಳುವ ಮಾತು ಅನೇಕ ವೇಳೆ ಪೂರ್ತಿ ನಿಜವಲ್ಲ. ವಿದ್ಯುತ್ತು ಅರ್ಧ ಸೆಕೆಂಡು ಕಣ್ಣುಮಿಟುಕಿಸಿದರೆ ದೀಪವು ಒಮ್ಮೆ ಮಂಕಾಗಿ ಮತ್ತೆ ಉರಿಯುವುದು. ಅದನ್ನು ಯಾರೂ ಲಕ್ಷಿಸುವುದಿಲ್ಲ. ಆದರೆ ರೂಟರು ಅಷ್ಟರಲ್ಲಿಯೇ ಆರಿ, ಮೊದಲಿನಿಂದ ಎಚ್ಚರಗೊಂಡು ಠಾಣೆಯೊಡನೆ ಸಂಬಂಧ ಬೆಳೆಸಲು ಎರಡು ಮೂರು ನಿಮಿಷಗಳನ್ನು ತೆಗೆದುಕೊಳ್ಳುವುದು. ಒಂದೇ ಪರಿವರ್ತಕಕ್ಕೆ ಸೇರಿದ ಪಂಪುಸೆಟ್ಟುಗಳು ತ್ರೀಫೇಸು ಬಂದೊಡನೆ ಒಟ್ಟಿಗೆ ಹೊರಟಾಗ ಒತ್ತಡವು ಕುಸಿಯುವುದು ಎಲ್ಲರೂ ಬಲ್ಲ ಸಂಗತಿ. ಪುಸ್ತಕದಲ್ಲಿ ಬರೆದ ಹೊತ್ತುಗಳು ತ್ರೀಫೇಸು ಬರುವ ಹೊತ್ತಿಗೆ ಹೊಂದಿಕೊಂಡಿದ್ದರೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ರೂಟರಿನ ಅಡಾಪ್ಟರನ್ನೂ ಪರೀಕ್ಷಿಸಬೇಕು. ಇದು ಸಾಮಾನ್ಯವಾಗಿ ಮನೆಯ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸಿ ಕೊಡತಕ್ಕದ್ದು. ಬಿಸಿಯಲ್ಲಿ ವರ್ಷಗಟ್ಟಲೆ ದುಡಿದ ಅಡಾಪ್ಟರು ಒಳಗೆ ಒಣಗಿ ಶಕ್ತಿಗುಂದುವುದು. ಹೊಸದಿದ್ದಾಗ ತಡೆದುಕೊಳ್ಳುತ್ತಿದ್ದ ಸಣ್ಣ ಏರಿಳಿತವನ್ನು ಮುದಿಯಾದ ಮೇಲೆ ತಡೆಯಲಾರದು. ಹೀಗಾಗಿ ಪೆಟ್ಟಿಗೆ ಕೆಟ್ಟಿತೆಂದು ಬಿಸಾಡುವ ಮುನ್ನ ಅಡಾಪ್ಟರೊಂದನ್ನೇ ಬದಲಿಸಿ ನೋಡತಕ್ಕದ್ದು. ಬದಲಿಸುವಾಗ ಮೇಲಿನ ಚೀಟಿಯಲ್ಲಿ ನಮೂದಿಸಿರುವ ವೋಲ್ಟು ಮೊದಲಿನದಕ್ಕೆ ಸಮನಾಗಿಯೂ, ಆಂಪಿಯರು ಸಮನಾಗಿಯೋ ಹೆಚ್ಚಾಗಿಯೋ, ಧನ ಋಣಗಳ ಗುರುತು ಒಂದೇ ಆಗಿಯೂ ಇರಬೇಕು. ಮತ್ತಾವುದೋ ಸಾಮಾನಿನ ಜೊತೆ ಬಂದ ಅರ್ಧ ಆಂಪಿಯರಿನ ಅಡಾಪ್ಟರನ್ನು ಚುಚ್ಚಿದರೆ ದೀಪಗಳೇನೋ ಹೊತ್ತುವುವು. ಮನೆಯವರೆಲ್ಲ ಒಟ್ಟಿಗೆ ಮೊಬೈಲು ಹಿಡಿದಾಗ ಪೆಟ್ಟಿಗೆಯು ಸೋತು ಆರುವುದು.

ಇನ್ವರ್ಟರು ಇರುವ ಮನೆಗಳಲ್ಲಿಯೂ ಈ ತೊಂದರೆ ಇರುವುದುಂಟು. ಅನೇಕ ಇನ್ವರ್ಟರುಗಳಲ್ಲಿ ಯು.ಪಿ.ಎಸ್. ಮತ್ತು ನಾರ್ಮಲ್ ಎಂಬ ಎರಡು ಸ್ಥಾನಗಳ ಗುಂಡಿ ಇರುತ್ತದೆ. ನಾರ್ಮಲ್ ಸ್ಥಾನದಲ್ಲಿ ಬ್ಯಾಟರಿಗೆ ಬದಲಾಗುವ ವೇಗವು ಕಡಿಮೆ. ಫ್ಯಾನಿಗೆ ಅಷ್ಟು ಸಾಕು, ರೂಟರಿಗೆ ಸಾಲದು. ಇನ್ವರ್ಟರಿಲ್ಲದವರು ರೂಟರಿಗೆಂದೇ ಮಾರುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಪೆಟ್ಟಿಗೆಯನ್ನು ಇಟ್ಟುಕೊಳ್ಳಬಹುದು. ಹೊಸ ರೂಟರಿಗೆ ಹಾಕುವ ಹಣವನ್ನು ಇದಕ್ಕೆ ಹಾಕುವುದೇ ಮೇಲು.

ತಂತಿಯ ವಿಷಯ.— ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ತಂತಿಯನ್ನು ಒಯ್ಯುವ ಕೇಂದ್ರದ ಯೋಜನೆಯು 2011ರ ಅಕ್ಟೋಬರಿನಲ್ಲಿ ಮಂಜೂರಾಗಿ 2015ರಲ್ಲಿ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಈ ಫೈಬರ್ ತಂತಿಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಬೆಳಕು. ಗಾಜಿನ ಎಳೆಯ ದಪ್ಪವು ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರೊಳಗೆ ಬೆಳಕು ನಡೆಯುವ ದಾರಿಯು ಅದಕ್ಕಿಂತಲೂ ಹತ್ತು ಪಾಲಿಗೂ ಮೀರಿ ಕಿರಿದಾದುದು. ಠಾಣೆಯಿಂದ ಹೊರಟ ಒಂದೇ ಎಳೆಯ ಬೆಳಕನ್ನು ಹಂಚುಪೆಟ್ಟಿಗೆಗಳಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಕೊಡುವುದು ರೂಢಿ. ಕಡೆಗೆ ಮನೆಯನ್ನು ಮುಟ್ಟುವ ಬೆಳಕು ಎಷ್ಟು ಕ್ಷೀಣವಾಗಿರಬಹುದೆಂದರೆ, ಒಂದು ವಾಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನಷ್ಟು ಬಂದರೂ ಪೆಟ್ಟಿಗೆಯು ಹೇಗೋ ಕೆಲಸಮಾಡುವುದು. ಅದಕ್ಕೂ ಕಡಿಮೆಯಾದರೆ ಒಮ್ಮೆ ಹಿಡಿದು ಒಮ್ಮೆ ಬಿಡುವುದು. ಕಂಪೆನಿಯ ಕೆಲಸಗಾರನು ತನ್ನ ಮಾಪಕದಲ್ಲಿ ಓದುವ ಋಣ 27 ಎಂಬ ಅಂಕಿಗೆ ಇದೇ ಅರ್ಥ. ಋಣ 20ರ ಆಚೀಚೆ ಇದ್ದರೆ ಚಿಂತೆಯಿಲ್ಲ. ಋಣ 26, 27 ಎಂದು ಬಂದರೆ ತಂತಿಯಲ್ಲಿ ಎಲ್ಲಿಯೋ ಸೋರಿಕೆ ಇದೆಯೆಂದು ತಿಳಿದು ದುರಸ್ತಿಗೆ ಒತ್ತಾಯಿಸಬೇಕು.

ಸೋರಿಕೆಗೆ ಕಾರಣಗಳು ಕಣ್ಣೆದುರಿಗೇ ಇರುತ್ತವೆ. ಕಿಟಕಿಯ ಬಾಗಿಲಿಗೆ ಸಿಕ್ಕಿ ನಲುಗಿದ ತಂತಿ, ಉಳಿದ ಉದ್ದವನ್ನು ಬೆರಳಿನಷ್ಟು ಸಣ್ಣ ಸುತ್ತಾಗಿ ಸುತ್ತಿಟ್ಟ ತಂತಿ, ಅಡಿಕೆ ಮರಕ್ಕೆ ಬಿಗಿದು ಕಟ್ಟಿ ಗಾಳಿಗೆ ಜಗ್ಗುವ ತಂತಿ, ಇವುಗಳಲ್ಲಿ ಬೆಳಕು ಬಾಗಿನಲ್ಲಿ ಹೊರಕ್ಕೆ ಸೋರುವುದು. ಸುತ್ತಿಡಲೇಬೇಕಾದರೆ ಸುತ್ತು ಅಂಗೈಯಗಲಕ್ಕೆ ಕಡಿಮೆ ಇರಕೂಡದು. ಕೋತಿಗಳು ಜೋತಾಡುವುದು, ಅಳಿಲುಗಳು ಕಡಿಯುವುದು, ತೆಂಗಿನ ಗರಿ ಬೀಳುವುದು, ಸುಗ್ಗಿಯಲ್ಲಿ ಎತ್ತರದ ಕಟಾವು ಯಂತ್ರಗಳೂ ಮೆಕ್ಕೆಜೋಳದ ಲಾರಿಗಳೂ ಬೀದಿಯ ತಂತಿಯನ್ನು ಎಳೆದುಕೊಂಡು ಹೋಗುವುದು, ಇವು ಹೊರಗಿನ ಕಾರಣಗಳು. ಮಳೆ ಬಂದ ಮರುದಿನ ಮಾತ್ರ ಕಡಿಯುವ ಸಂಪರ್ಕವು ಕಂಬದ ಮೇಲಿನ ಜೋಡಣೆಪೆಟ್ಟಿಗೆಗೆ ನೀರಿಳಿದಿರುವುದನ್ನು ಸೂಚಿಸುವುದು.

ತಂತಿಯ ತುದಿಯ ಹಸಿರು ಕೊಂಡಿಯನ್ನು ಮನೆಯವರು ಕಳಚದಿರುವುದೇ ಲೇಸು. ಅದರ ಮೇಲೆ ಕೂತ ಧೂಳಿನ ಒಂದು ಕಣವೂ ಬೆಳಕನ್ನು ತಡೆಯಬಲ್ಲದು. ಟವಲಿನಿಂದ ಒರಸಿದರೆ ಕೊಳೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಬೆಳಕು ಬರುತ್ತಿದೆಯೇ ಎಂದು ತುದಿಯೊಳಗೆ ಇಣುಕಿ ನೋಡುವುದನ್ನಂತೂ ಸರ್ವಥಾ ಮಾಡಕೂಡದು. ಅದು ಲೇಸರ್ ಬೆಳಕು. ಕಾಣದಿದ್ದರೂ ಕಣ್ಣಿಗೆ ಅಪಾಯವನ್ನುಂಟುಮಾಡಬಲ್ಲದು. ಮಕ್ಕಳಿಗೆ ಇದನ್ನು ಮುಂಚಿತವಾಗಿಯೇ ತಿಳಿಸಿಡಬೇಕು.

ವೈ-ಫೈ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಪೆಟ್ಟಿಗೆಯ ಪಕ್ಕದಲ್ಲಿ ನಿಂತಾಗ ಚೆನ್ನಾಗಿದ್ದು ಹಿತ್ತಲಿನಲ್ಲಿ ಕಡಿಯುವುದಾದರೆ ಅದು ಗೋಡೆಗಳ ದೋಷ. ಹಳೆಯ ತೊಟ್ಟಿಮನೆಗಳ ದಪ್ಪ ಮಣ್ಣುಗೋಡೆಯನ್ನೂ ತಗಡಿನ ಮರೆಯನ್ನೂ ದಾಟುವುದರಲ್ಲಿ 5 ಗಿಗಾಹರ್ಟ್ಸ್ ಎಂಬ ಅಲೆಗಿಂತ 2.4 ಗಿಗಾಹರ್ಟ್ಸಿನದು ಮೇಲು, ವೇಗದಲ್ಲಿ ಕೀಳು. ಪೆಟ್ಟಿಗೆಯನ್ನು ಬೀರುವಿನೊಳಗೆ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿಡಬೇಕು. ಕಸೂತಿಯ ಬಟ್ಟೆಯನ್ನು ಹೊದಿಸುವ ಆದರವೂ ಅದಕ್ಕೆ ಬೇಡ. ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ ಅದು ಮೊದಲೇ ಬೆಂದಿರುತ್ತದೆ. ತೋಟದ ಮನೆಗೋ ಕಣಕ್ಕೋ ಎರಡನೆಯ ರೂಟರನ್ನು ಜೋಡಿಸಿದವರು, ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸವನ್ನು ಮೊದಲನೆಯ ಪೆಟ್ಟಿಗೆಗೆ ಮಾತ್ರ ಬಿಡತಕ್ಕದ್ದು. ಒಂದೇ ತೂಬಿಗೆ ಇಬ್ಬರು ನೀರುಗಂಟಿಗಳಾದರೆ ಏನಾಗುವುದೆಂಬುದು ಅಚ್ಚುಕಟ್ಟಿನವರಿಗೆ ಹೇಳಬೇಕಾದುದಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಸಿಡಿಲಿನ ಆಘಾತವು ಬರುವುದು ಗಾಜಿನೆಳೆಯಿಂದಲ್ಲ. ವಿದ್ಯುತ್ತಿನ ತಂತಿಯಿಂದಲೂ, ತೋಟಕ್ಕೆ ಎಳೆದ ತಾಮ್ರದ ತಂತಿಯಿಂದಲೂ ಬರುವುದು. ಮೋಡ ಕವಿದೊಡನೆ ಇವೆರಡನ್ನೂ ಕಳಚಿಡಬೇಕು. ಗುಡುಗು ಆರಂಭವಾದ ಮೇಲೆ ಮುಟ್ಟಲಾಗದು.

ಸಂಪರ್ಕವು ಕಡಿದಾಗ ಅದೇ ಬೀದಿಯ ಎರಡು ಮೂರು ಮನೆಗಳಲ್ಲಿ ವಿಚಾರಿಸುವುದು ಗ್ರಾಮದ ಮುಖಂಡರಿಗೆ ಸುಲಭವಾದ ಕೆಲಸ. ಎಲ್ಲರಿಗೂ ಏಕಕಾಲದಲ್ಲಿ ಹೋಗಿದ್ದರೆ ಯಾರೂ ತಮ್ಮ ಪೆಟ್ಟಿಗೆಯನ್ನು ಮುಟ್ಟಬೇಕಾಗಿಲ್ಲ. ಆದರೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ದೂರು ದಾಖಲಿಸಬೇಕು. 2012ರ ನಿಯಮಗಳ ಪ್ರಕಾರ ಪ್ರತಿಯೊಂದು ದೂರಿಗೂ ಕಂಪೆನಿಯು ಡಾಕೆಟ್ ಸಂಖ್ಯೆಯನ್ನು ಕೊಡಬೇಕು, ಪರಿಹಾರವು ತೃಪ್ತಿಕರವಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. "ನೆಟ್ಟು ಬರುತ್ತಿಲ್ಲ" ಎಂದಷ್ಟೇ ಹೇಳುವುದಕ್ಕೆ ಬದಲು, ಸೋಮವಾರದಿಂದ ದಿನವೂ ಸಂಜೆ ಆರರಿಂದ ಏಳರೊಳಗೆ ನಾಲ್ಕು ಬಾರಿ ಲಾಸ್ ದೀಪವು ಕೆಂಪಾಗುತ್ತಿದೆ, ಪವರ್ ದೀಪವು ಆರುವುದಿಲ್ಲ ಎಂದು ತಿಳಿಸಿದರೆ, ಬರುವ ಕೆಲಸಗಾರನು ಅಡಾಪ್ಟರಿನ ಬದಲು ಮಾಪಕವನ್ನೂ ಏಣಿಯನ್ನೂ ತರುವನು. ಡಾಕೆಟ್ ಸಂಖ್ಯೆಯನ್ನೂ, ಅವನು ಓದಿದ ಅಂಕಿಯನ್ನೂ ಅದೇ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡತಕ್ಕದ್ದು.