ಮರುಳು: ಭಕ್ತಿಯೋ, ಬೇನೆಯೋ?

ನಮ್ಮ ಅರಸೀಕೆರೆಯ ಸೀಮೆಯಲ್ಲಿ ಮರುಳಸಿದ್ಧಪ್ಪ ಎಂಬ ಹೆಸರು ಅಪರೂಪವೇನಲ್ಲ. ಹರಕೆ ಹೊತ್ತು ಪಡೆದ ಮಗನಿಗೆ ತಂದೆತಾಯಿಗಳು ಅಕ್ಕರೆಯಿಂದ ಇಡುವ ಹೆಸರು ಅದು. ಅದೇ ತಂದೆ ಸಂಜೆ ಜಗಲಿಯ ಮೇಲೆ ಕುಳಿತು, ಎದುರು ಮನೆಯವನನ್ನು ಕುರಿತು 'ಪಾಪ, ಅವನಿಗೆ ಮರುಳು ಹಿಡಿದಿದೆ' ಎಂದರೆ, ಅಲ್ಲಿ ಮರುಕವೋ ಹೀಯಾಳಿಕೆಯೋ ಇರುತ್ತದೆ. ಒಂದೇ ಪದ ಒಬ್ಬನನ್ನು ದೇವರ ಪಕ್ಕದಲ್ಲಿ ಕೂರಿಸುತ್ತದೆ, ಇನ್ನೊಬ್ಬನನ್ನು ಊರಾಚೆಗೆ ಕಳಿಸುತ್ತದೆ. ಶ್ರೋತೃಗಳೇ, ಈ ಎರಡರ ನಡುವೆ ಸಿಕ್ಕಿಕೊಂಡ ಮನೆಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಗೊಂದಲ ಇಂದಿನದಲ್ಲ. ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗ ಬರುತ್ತದೆ. ದೂರದೇಶದಿಂದ ಕಲ್ಯಾಣಕ್ಕೆ ಬಂದ ಈ ಶರಣ ಬಸವಣ್ಣನವರ ಮಹಾಮನೆಯ ಪ್ರಸಾದದ ಕುಂಡದ ಬಳಿ ಹನ್ನೆರಡು ವರ್ಷ ಇದ್ದನಂತೆ. ಬಂದುಹೋಗುವವರೆಲ್ಲ ಅವನನ್ನು ಹುಚ್ಚನೆಂದೇ ಬಗೆದಿದ್ದರು. ಅಲ್ಲಮಪ್ರಭು ಬಂದು ತೋರಿಸಿದ ಮೇಲೆಯೇ ಅವನ ನಿಲವು ಬೆಳಕಿಗೆ ಬಂದದ್ದು. ಇಷ್ಟು ದೂರ ಹೋಗುವುದೂ ಬೇಡ. ಹಳೇಬೀಡಿನ ಬಳಿಯ ಮುಕುಂದೂರು ಸ್ವಾಮಿಗಳನ್ನು ಕುರಿತು ಬೆಳಗೆರೆ ಕೃಷ್ಣಶಾಸ್ತ್ರಿಗಳು ಬರೆದ 'ಯೇಗ್ದಾಗೆಲ್ಲಾ ಐತೆ' ಪುಸ್ತಕವನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. ಇಂಥ ಅವಧೂತರನ್ನು ಊರು ಮೊದಲು ನೋಡಿ ನಗುತ್ತದೆ, ಆಮೇಲೆ ಕೈ ಮುಗಿಯುತ್ತದೆ. ಆದರೆ ಕಥೆಯಲ್ಲಿ ಅಲ್ಲಮ ಬರುತ್ತಾನೆ. ನಮ್ಮ ನಿಮ್ಮ ಮನೆಗೆ ಯಾರು ಬರಬೇಕು?

ನನ್ನ ಬಂಧುವರ್ಗದಲ್ಲೇ ಕಂಡ ಎರಡು ಸಂಗತಿಗಳನ್ನು ಹೆಸರು ಬಿಟ್ಟು ಹೇಳುತ್ತೇನೆ.

ಮೊದಲನೆಯವರು ನನ್ನ ಸೋದರತ್ತೆಯ ಮಗ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಲವತ್ತು ದಾಟಿದ ಮೇಲೆ ಹುಣ್ಣಿಮೆಗೊಮ್ಮೆ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ ಹತ್ತತೊಡಗಿದರು. ಅಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಆ ದಿನ ಬೆಟ್ಟ ಹತ್ತುವವರು ಬಹಳ ಮಂದಿ. ಅಲ್ಲಿ ಯಾರೋ ಒಬ್ಬ ಗುರು ಸಿಕ್ಕ. ಇವರು ಉಪ್ಪು ಬಿಟ್ಟರು, ಚಪ್ಪಲಿ ಬಿಟ್ಟರು, ಕೊನೆಗೊಂದು ದಿನ ದೇವರಮನೆಯ ಪಟಗಳನ್ನೆಲ್ಲ ಇಳಿಸಿ ಅಟ್ಟಕ್ಕೆ ಹಾಕಿದರು. ದೇವರಿಗೆ ರೂಪವಿಲ್ಲ, ಮಂತ್ರ ಬೇಕಿಲ್ಲ, ಸತ್ತವರಿಗೆ ತಿಥಿ ಬೇಕಿಲ್ಲ ಎಂದರು. ಅತ್ತೆ ಅತ್ತು ಕರೆದು ಬಂಧುಗಳನ್ನೆಲ್ಲ ಕೂಡಿಸಿದರು. 'ಇವನಿಗೆ ಗಾಳಿ ಸೋಕಿದೆ, ಗಾಣಗಾಪುರಕ್ಕೆ ಕರೆದುಕೊಂಡು ಹೋಗೋಣ' ಎಂದು ಒಬ್ಬರು, 'ತಲೆ ಕೆಟ್ಟಿದೆ, ಬೆಂಗಳೂರಿಗೆ ಸೇರಿಸೋಣ' ಎಂದು ಇನ್ನೊಬ್ಬರು.

ಎರಡನೆಯವಳು ಇನ್ನೊಂದು ಕವಲಿನ ಹುಡುಗಿ; ಇಪ್ಪತ್ತರ ವಯಸ್ಸು, ಕಾಲೇಜಿನಲ್ಲಿ ಓದುತ್ತಿದ್ದವಳು. ನೋಡನೋಡುತ್ತ ಅತಿ ದೈವಭಕ್ತೆಯಾದಳು. ಬೆಳಗಿನ ಜಾವ ಮೂರಕ್ಕೆ ತಣ್ಣೀರಿನ ಸ್ನಾನ, ಗಂಟೆಗಟ್ಟಲೆ ಪೂಜೆ, ವಾರದಲ್ಲಿ ಮೂರು ನಾಲ್ಕು ದಿನ ಉಪವಾಸ. ಮನೆಯವರಿಗೆ ಹೆಮ್ಮೆ. ಈ ಕಾಲದಲ್ಲಿ ಇಂಥ ಮಗಳು ಯಾರಿಗುಂಟು ಎಂದು ತಾಯಿ ನಾಲ್ಕು ಜನರೆದುರು ಹೇಳಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಅವಳು ಗೆಳತಿಯರನ್ನು ಬಿಟ್ಟಳು, ಓದು ಬಿಟ್ಟಳು, ಒಬ್ಬಳೇ ಕುಳಿತು ಯಾರೊಡನೆಯೋ ಮಾತಾಡುವಳು. ಅಮ್ಮನವರು ಬಂದು ಮಾತಾಡುತ್ತಾರೆ ಎಂದು ಮನೆಯವರು ತಿಳಿದರು. ಕೆಲವರು ಬಂದು ಕಾಲಿಗೂ ಬಿದ್ದರು. ಆ ಧ್ವನಿ ಅನ್ನ ಮುಟ್ಟಬೇಡವೆಂದು ಅವಳಿಗೆ ಅಪ್ಪಣೆ ಮಾಡುತ್ತಿತ್ತೆಂದು ತಿಳಿದದ್ದು ಅವಳು ಹಾಸಿಗೆ ಹಿಡಿದ ಮೇಲೆ.

ಇಬ್ಬರನ್ನೂ ಬೇರೆ ಬೇರೆ ಕಾಲದಲ್ಲಿ ನೋಡಿದವರು ಹಾಸನದ ಒಬ್ಬ ಮನೋವೈದ್ಯರು. ಅತ್ತೆಯ ಮಗನ ದೇವರ ವಿಷಯವನ್ನು ಅವರು ಹೆಚ್ಚು ಕೆದಕಲೇ ಇಲ್ಲವಂತೆ. ರಾತ್ರಿ ನಿದ್ದೆ ಬರುತ್ತದೆಯೆ? ಊಟ ಸೇರುತ್ತದೆಯೆ? ಮಂಡಿಯ ಲೆಕ್ಕ ತಪ್ಪಿದೆಯೆ? ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೆ? ಯಾರಾದರೂ ಕೇಡು ಬಗೆಯುತ್ತಿದ್ದಾರೆ ಎನಿಸುತ್ತದೆಯೆ? ಹೆಂಡತಿ ಮಕ್ಕಳೊಡನೆ ಹೇಗಿದ್ದಾರೆ? ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ನಿದ್ದೆ, ಊಟ, ನಗು ಎಲ್ಲ ಮೊದಲಿನಂತೆಯೇ ಇತ್ತು. 'ಇವರಿಗೆ ರೋಗವಿಲ್ಲ, ನಿಮಗೆ ಒಪ್ಪದ ನಂಬಿಕೆ ಇದೆ, ಅಷ್ಟೆ' ಎಂದು ವೈದ್ಯರು ಕಳಿಸಿಬಿಟ್ಟರು. ಅತ್ತೆಗೆ ಇದರಿಂದ ಸಮಾಧಾನಕ್ಕಿಂತ ನಿರಾಶೆಯೇ ಆಯಿತೆಂದು ನನಗೆ ತೋರುತ್ತದೆ. ರೋಗವಾಗಿದ್ದರೆ ಮಾತ್ರೆ ಇತ್ತು. ನಂಬಿಕೆಗೆ ಮಾತ್ರೆ ಎಲ್ಲಿ?

ಮನೆಯವರಿಗೆ ಮುಜುಗರ ತಂದವರು ಆರೋಗ್ಯವಾಗಿದ್ದರು. ಹೆಮ್ಮೆ ತಂದವಳು ಕಾಯಿಲೆಯಲ್ಲಿದ್ದಳು. ನಂಬಿಕೆ ನಮಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದು ಅಳತೆಗೋಲೇ ಅಲ್ಲ. ವೈದ್ಯರು ನೋಡುವುದು ಮನುಷ್ಯ ಏನು ನಂಬುತ್ತಾನೆ ಎಂಬುದಕ್ಕಿಂತ ಅವನು ಮೊದಲಿದ್ದುದರಿಂದ ಹೇಗೆ ಬದಲಾದ ಎಂಬುದನ್ನು. ಪಂಥಕ್ಕೆ ಸೇರಿದವನಿಗೆ ಸಂಗಡಿಗರಿರುತ್ತಾರೆ, ಅವನ ಮಾತು ಅವರಿಗೆ ತಿಳಿಯುತ್ತದೆ. ಪ್ರಶ್ನೆ ಕೇಳಿದರೆ ವಾದಿಸುತ್ತಾನೆ, ಒಮ್ಮೊಮ್ಮೆ ಸಂಶಯವನ್ನೂ ಪಡುತ್ತಾನೆ. ಬೇನೆಯಲ್ಲಿ ಸಿಕ್ಕಿದವನು ಒಂಟಿ. ಅವನ ಗುರುವಿಗೇ, ಅವನ ಪಂಥದವರಿಗೇ ಅವನ ಮಾತು ವಿಚಿತ್ರವಾಗಿ ಕೇಳುತ್ತದೆ. ಸ್ಕಿಜೋಫ್ರೀನಿಯಾದಂಥ ಕಾಯಿಲೆಗಳು ಬಹುಮಟ್ಟಿಗೆ ಹರೆಯದಲ್ಲಿ ಇಲ್ಲವೆ ಮೂವತ್ತರ ಆಸುಪಾಸಿನೊಳಗೆ ತಲೆದೋರುತ್ತವೆ. ಮನೆಯ ಭಾಷೆ ದೇವರದ್ದಾಗಿದ್ದರೆ ರೋಗವೂ ದೇವರ ಭಾಷೆಯಲ್ಲೇ ಮಾತಾಡುತ್ತದೆ. ಇನ್ನೊಂದು ಮನೆಯಲ್ಲಿ ಅದೇ ರೋಗ ಪೊಲೀಸರ, ರೇಡಿಯೋ ಅಲೆಗಳ ಮಾತಾಡೀತು. ಥೈರಾಯ್ಡ್ ಗ್ರಂಥಿಯ ದೋಷ, ಮೂರ್ಛೆರೋಗದ ಕೆಲವು ಬಗೆ, ಮಿದುಳಿಗೆ ತಗಲಿದ ಜ್ವರ ಇವು ಕೂಡ ಇಂಥ ವೇಷ ಹಾಕಬಲ್ಲವು. ಆದ್ದರಿಂದ ರಕ್ತಪರೀಕ್ಷೆಯೂ ಬೇಕಾಗುತ್ತದೆ.

ಮೈಮೇಲೆ ಬರುವುದೆಲ್ಲ ರೋಗವೆಂದು ಇದರ ಅರ್ಥವಲ್ಲ. ಜಾತ್ರೆಯಲ್ಲಿ, ತಮಟೆಯ ಸದ್ದಿಗೆ ಮೈದುಂಬಿ, ಮಂಗಳಾರತಿಯಾದ ಮೇಲೆ ಎದ್ದು ಮನೆಗೆ ಹೋಗಿ ಮುದ್ದೆ ತೊಳಸುವ ಹೆಂಗಸನ್ನು ರೋಗಿ ಎನ್ನುವವನು ಈ ನಾಡನ್ನು ಅರಿಯದವನು. ನಿಮ್ಹಾನ್ಸ್‌ನಲ್ಲಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಈ ಮೈಮೇಲೆ ಬರುವ ವಿಷಯವನ್ನು ಸಂಶೋಧಿಸಿದವರು. ಮನೋರೋಗಗಳನ್ನು ಕುರಿತು ಕನ್ನಡದಲ್ಲಿ ಅವರಷ್ಟು ಬರೆದವರು ವಿರಳ.

ದೇವಸ್ಥಾನಗಳನ್ನೂ ಬೀಸುಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ನಿಮ್ಹಾನ್ಸ್‌ನ ಡಾಕ್ಟರ್ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ಗುಡಿಯಲ್ಲಿ ಬಂದು ತಂಗಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ, 2002ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರಗಳ ವಾಸದಲ್ಲಿ ಕಾಯಿಲೆಯ ಲಕ್ಷಣಗಳು ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಇಳಿದಿದ್ದವು. ಅಲ್ಲಿ ವಿಶೇಷ ಮಂತ್ರವಾದವಿರಲಿಲ್ಲ. ಜೊತೆಗೆ ಮನೆಯವರೊಬ್ಬರು, ಬೆಳಗಿನ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ, ಯಾರೂ ಗದರದ ವಾತಾವರಣ. ಬೇರೆ ಗುಂಪಿನೊಡನೆ ಹೋಲಿಸಿ ನೋಡಿದ ಅಧ್ಯಯನ ಅದಲ್ಲವಾದ್ದರಿಂದ ದೇವರೇ ವಾಸಿ ಮಾಡಿದನೆಂದು ಸಾಧಿಸಲಾಗದು. ಆದರೆ ಆದರದಿಂದ ಇಟ್ಟುಕೊಂಡದ್ದು ವ್ಯರ್ಥವಾಗಲಿಲ್ಲವೆಂದಂತೂ ಹೇಳಬಹುದು. ಇನ್ನೊಂದು ಮುಖವೂ ಅದೇ ತಮಿಳುನಾಡಿನದು: 2001ರ ಆಗಸ್ಟ್ 6ರಂದು ಏರವಾಡಿಯಲ್ಲಿ, ದರ್ಗಾದ ಆಸರೆಗೆಂದು ಕರೆತಂದು ಶೆಡ್ಡಿನಲ್ಲಿ ಸರಪಳಿಯಿಂದ ಕಟ್ಟಿದ್ದವರಲ್ಲಿ 28 ಮಂದಿ ಬೆಂಕಿಯಲ್ಲಿ ಸತ್ತರು. ಓಡಲಾಗಲಿಲ್ಲ.

ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ನಿಷೇಧಿಸಿದೆ. ನಮ್ಮ ಇಂದಿನ ವಿಷಯಕ್ಕೆ ಅದರ ಇನ್ನೊಂದು ಮಾತು ಹೆಚ್ಚು ಹತ್ತಿರದ್ದು. ಒಬ್ಬನ ನಡತೆ, ನಂಬಿಕೆಗಳು ಅವನ ಸಮುದಾಯದ ರೂಢಿಗೆ, ಧರ್ಮಕ್ಕೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಅವನನ್ನು ಮನೋರೋಗಿ ಎಂದು ತೀರ್ಮಾನಿಸಕೂಡದೆಂದು ಅದರ 3ನೆಯ ಕಲಮು ಹೇಳುತ್ತದೆ. ಮರುಳಶಂಕರದೇವನಿಗೆ ಹನ್ನೆರಡು ವರ್ಷ ಸಿಗದ ರಕ್ಷಣೆ ಇದು! ಹಾಗೆಂದು ಕಾಯಿದೆ ಮನೆಯವರ ಕೈ ಕಟ್ಟಿಹಾಕಿಲ್ಲ. ರೋಗಿ ತನಗೋ ಇತರರಿಗೋ ಅಪಾಯ ತರುವಂತಿದ್ದರೆ, ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕುಗ್ಗಿದ್ದರೆ, ವೈದ್ಯರು ಪರೀಕ್ಷಿಸಿ ಅವನ ಒಪ್ಪಿಗೆಯಿಲ್ಲದೆಯೂ ಮೂವತ್ತು ದಿನಗಳವರೆಗೆ ಸೇರಿಸಿಕೊಳ್ಳಲು ಅವಕಾಶವಿದೆ. ಆ ಹುಡುಗಿಯದು ಇಂಥ ಸ್ಥಿತಿ.

ಮನೆಯವರು ಏನು ಮಾಡಬೇಕು? ವಾದ ಬೇಡ. ಧ್ವನಿ ಕೇಳುವವಳಿಗೆ 'ಅದು ಸುಳ್ಳು' ಎಂದರೆ ಅವಳು ನಮ್ಮನ್ನೇ ಬಿಡುತ್ತಾಳೆ. 'ಅಮ್ಮನವರೇ ಸರಿ' ಎಂದು ತಲೆಯಾಡಿಸಿದರೆ ರೋಗಕ್ಕೆ ಎಣ್ಣೆ ಎರೆದಂತೆ. 'ನನಗದು ಕೇಳಿಸುತ್ತಿಲ್ಲ, ಆದರೆ ನಿನಗೆ ಕಷ್ಟವಾಗುತ್ತಿದೆ ಎಂದು ಕಾಣುತ್ತದೆ' ಎನ್ನಬಹುದು. ನಿದ್ದೆಯ ದೂರಿನಿಂದ ಮಾತು ತೆಗೆದರೆ ಆಸ್ಪತ್ರೆಯ ದಾರಿ ಸುಲಭ. ನಿದ್ದೆಗೆಟ್ಟವರು ದೇವರನ್ನು ಬಿಡಲು ಒಪ್ಪದಿದ್ದರೂ ನಿದ್ದೆಗೆ ಔಷಧ ಒಪ್ಪುತ್ತಾರೆ. ಅವಳನ್ನು ಹಾಗೆಯೇ ಕರೆದುಕೊಂಡು ಹೋದದ್ದು. ಅರಸೀಕೆರೆಯಿಂದ ಹಾಸನಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಅಷ್ಟು ದೂರ ಕ್ರಮಿಸಲು ಒಂದೂವರೆ ವರ್ಷ ಹಿಡಿಯಿತು. ತಡವಾದಷ್ಟೂ ಗುಣವಾಗುವುದು ನಿಧಾನ. ನಿಮ್ಹಾನ್ಸ್ ಮುಂದಾಳಾಗಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ರೋಗದ ಬಗೆಯನ್ನನುಸರಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಬಸ್ಸು ಹತ್ತಲಾಗದವರಿಗೆ 14416 ಎಂಬ ದೂರವಾಣಿ ಸಂಖ್ಯೆಯಿದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು.

ಹುಡುಗಿಗೆ ಮಾತ್ರೆ ಹಿಡಿಯಲು ಕೆಲವು ವಾರಗಳಾದವು. ಧ್ವನಿ ಮೊದಲು ದೂರವಾಯಿತು, ಆಮೇಲೆ ನಿಂತಿತು. ಗುಣವಾಯಿತೆಂದು ನಡುವೆ ಮಾತ್ರೆ ಬಿಟ್ಟಾಗ ಮತ್ತೆ ಬಂದಿತು; ಇಂಥ ಕಾಯಿಲೆಯಲ್ಲಿ ಇದು ಸಾಮಾನ್ಯ. ಈಗ ತಪ್ಪದೆ ನುಂಗುತ್ತಾಳೆ, ಅಂಚೆಯ ಮೂಲಕ ಪರೀಕ್ಷೆ ಕಟ್ಟಿದ್ದಾಳೆ. ಪೂಜೆಯನ್ನೂ ಬಿಟ್ಟಿಲ್ಲ, ದಿನಕ್ಕೆ ಕಾಲು ಗಂಟೆ, ಸೂರ್ಯ ಹುಟ್ಟಿದ ಮೇಲೆ. ಅತ್ತೆಯ ಮಗ ಈಗಲೂ ಬರಿಗಾಲಲ್ಲಿ ಬೆಟ್ಟ ಹತ್ತುತ್ತಾರೆ. ಅಟ್ಟದ ಮೇಲಿದ್ದ ಪಟಗಳನ್ನು ಅತ್ತೆ ಇಳಿಸಿ, ಒರೆಸಿ, ತಮ್ಮ ಕೋಣೆಯಲ್ಲಿ ತೂಗುಹಾಕಿಕೊಂಡಿದ್ದಾರೆ. ಮಗ ಮೊಳೆ ಹೊಡೆದುಕೊಟ್ಟರಂತೆ.